ಗುಡ್ಡಕ್ಕೆ ಹಾಕಿದ ಭಂಡಾರ

ಅಂದು ಹುಲ್ಲಪ್ಪನ ಮನೆಯಲ್ಲಿ ಊಟಕ್ಕೆ ಕೂತವರು ಇಬ್ಬರು, ಉಣ್ಣುವುದು ಬಿಟ್ಟು ಮಾತಾಡಿದವನು ಒಬ್ಬನೇ. ಅವನು ಮಗ ಮುದಕಪ್ಪ, ಕೆರೂರ ಹೈಸ್ಕೂಲಿನ ಭೂಗೋಳದ ಮಾಸ್ತರ. ಗುಬ್ಬಿಕೊಳ್ಳದ ಕುರುಬರ ಓಣಿಯಲ್ಲಿ ಬಿ.ಎ. ಮುಗಿಸಿದವರಲ್ಲಿ ಮೊದಲನೆಯವನು. ಅವನು ತಂದ ಸುದ್ದಿ ಎಷ್ಟು ಬಿಸಿಯಾಗಿತ್ತೆಂದರೆ, ತಾಟಿನಲ್ಲಿದ್ದ ರೊಟ್ಟಿ ಆರಿ ಸೆಟೆದು ಹೋದರೂ ಅವನಿಗೆ ಖಬರಿರಲಿಲ್ಲ.

"ಕಾಲೇಜಿನ್ಯಾಗ ನನಗ ಕಲಿಸಿದ ಪ್ರೊಫೆಸರ್ ಸಾಹೇಬ್ರು ಇವತ್ತ ನಮ್ಮ ಸಾಲಿಗೆ ಬಂದಿದ್ರು ಯಪ್ಪಾ. ನಮ್ಮ ಗುಡ್ಡ ನೋಡಿದ್ರು, ಕೊಳ್ಳದಾಗ ಇಳದು ನೋಡಿದ್ರು. ಬಾದಾಮಿ ಗವಿ ನೋಡಾಕ ಮುಂಬೈದಿಂದ ಮಂದಿ ಬರ್ತಾರ, ಅಲ್ಲಿಂದ ನಿಮ್ಮೂರು ಭಾಳ ದೂರ ಐತೇನು ಅಂದ್ರು. ಗುಡ್ಡ ಹಸರ ಇದ್ರ, ನವಿಲ ಇದ್ರ, ಇಲ್ಲಿಗೂ ಬರ್ತಾರಂತ. ಸರ್ಕಾರ ಬ್ಯಾಡ, ಗುತ್ತಿಗಿದಾರ ಬ್ಯಾಡ. ಊರವರದ ಕಮಿಟಿ. ಬಂದವ್ರಿಗೆ ಇವತ್ತ ಈ ಮನ್ಯಾಗ ಊಟ, ನಾಳೆ ಆ ಮನ್ಯಾಗ. ಗುಡ್ಡ ತೋರಸಾವ್ರೂ ನಮ್ಮವ್ರ. ಬಂದದ್ದು ಊರಾಗ ಉಳಿತೈತಿ."

ಹುಲ್ಲಪ್ಪ ಪುಂಡಿಪಲ್ಯದಲ್ಲಿ ರೊಟ್ಟಿ ಅದ್ದಿ ನಿಧಾನ ಅಗಿದ. ಹುಟ್ಟಿದಾಗಿನಿಂದ ಕುರಿ ಕಾಯ್ದವನು, ಯಾವ ಮಾತಿಗೂ ಅವಸರ ಮಾಡಿದವನಲ್ಲ.

"ಮತ್ತ ಕುರಿ?" ಎಂದ.

"ಕುರಿ ಹತ್ತಿದ್ರ ಹಸರ ಎಲ್ಲಿ ಉಳಿತೈತಿ? ಅವನ್ನ ಕೆಳಗ ಮೇಯಸೂದು."

"ಕೆಳಗ ಎಲ್ಲಾ ಹೊಲ ಬಿತ್ಯಾರ. ಮಂದಿ ಬೆಳಿಯಾಗ ಮೇಯಸಲ್ಯಾ?"

"ಹೊಳಿ ದಂಡಿಗೆ ಬದು ಅದಾವ, ಬೀಳ ಅದಾವ. ಒಂದ ಮಳಿಗಾಲ ಸುಧಾರಿಸ್ಕೊಂಡ್ರ ಆತು."

ಬಾಗಿಲ ಬಳಿ ಕಾಲು ಚಾಚಿ ಕೂತಿದ್ದ ಬೋರವ್ವ ಹುಲ್ಲಪ್ಪನ ತಾಯಿ. ಹಲ್ಲು ಹೋಗಿದ್ದವು, ನಾಲಿಗೆ ಹೋಗಿರಲಿಲ್ಲ. "ನವಿಲ ನೋಡಾಕ ಮುಂಬೈದಿಂದ ಬರ್ತಾರ? ಆ ಊರ ಮಂದಿಗೆ ಕೆಲಸ ಬಗಸಿ ಇಲ್ಲೇನು?" ಎಂದಳು. ಒಲೆಯ ಮುಂದೆ ಕೂತ ಸೊಸೆ ರೇಣವ್ವ ಸೆರಗಿನಲ್ಲಿ ನಗೆ ಮುಚ್ಚಿಕೊಂಡಳು. ಮುದಕಪ್ಪನ ಹೆಂಡತಿ ಅವಳು, ಅದೇ ತಾನೇ ಬಸುರಿ.

ಹುಲ್ಲಪ್ಪನ ಹೆಂಡತಿ ರಂಗವ್ವನಿಗೆ ಮಾತ್ರ ನಗು ಬರಲಿಲ್ಲ. ಮಗನನ್ನು ಓದಿಸಲು ಅವಳು ಪಟ್ಟ ಪಾಡು ಅವಳಿಗೇ ಗೊತ್ತು. "ಅವಂಗ ತಿಳಿದಂಗ ನಿಮಗೇನ ತಿಳಿತೈತ್ರಿ?" ಎಂದು ಗಂಡನ ತಾಟಿಗೆ ಇನ್ನೊಂದು ರೊಟ್ಟಿ ಎಸೆದಳು. ಆ ಮನೆಯಲ್ಲಿ ಮಾತಿನ ಜೊತೆ ರೊಟ್ಟಿ ಬಿತ್ತೆಂದರೆ ತೀರ್ಮಾನವಾದಂತೆಯೇ.

ಕಮಿಟಿ ಆಯಿತು. ಎಲ್ಲ ಓಣಿಯ ಹಿರಿಯರು ಸಾಲಿಯ ಪಡಸಾಲೆಯಲ್ಲಿ ಸೇರಿ, ಚಹಾ ಕುಡಿದು, ಗುಡ್ಡಕ್ಕೆ ದನ ಕುರಿ ಹತ್ತಿಸುವುದಿಲ್ಲ, ಕಟ್ಟಿಗೆ ಕಡಿಯುವುದಿಲ್ಲ ಎಂದು ಹೆಬ್ಬೆಟ್ಟು ಒತ್ತಿ ಎದ್ದರು. ಮರುದಿನ ಮುಂಜಾನೆ ನೋಡಿದರೆ ಗುಡ್ಡದ ಮೇಲೆ ಎಂದಿನಂತೆ ಎಲ್ಲರ ದನ, ಎಲ್ಲರ ಕುರಿ. ಊರ ಕಮಿಟಿಗಳ ಆಯುಷ್ಯವೇ ಅಷ್ಟು, ಚಹಾದ ಕಪ್ಪು ತೊಳೆಯುವ ತನಕ.

ಮುದಕಪ್ಪ ಒಂದು ವಾರ ಮುಖ ಊದಿಸಿಕೊಂಡು ತಿರುಗಿದ. ಆಮೇಲೆ ಅವನಿಗೆ ಒಂದು ಉಪಾಯ ಹೊಳೆಯಿತು. ಅಂಥ ಉಪಾಯ ಕುರುಬರ ಮನೆಯಲ್ಲಿ ಹುಟ್ಟಿದವನಿಗೆ ಮಾತ್ರ ಹೊಳೆಯಲು ಸಾಧ್ಯ. ಹೆಬ್ಬೆಟ್ಟು ಒತ್ತಿದ್ದನ್ನು ಅವನ ಜನ ಮರೆಯಬಹುದು, ಭಂಡಾರ ಮುಟ್ಟಿದ್ದನ್ನು ಮರೆಯುವುದಿಲ್ಲ. ಬೀರಪ್ಪನ ಗುಡಿಯ ಅರಿಶಿಣದ ಪುಡಿ ಅದು. ಅದನ್ನು ಮುಟ್ಟಿ ಆಡಿದ ಮಾತು ಹೊಲದ ಜಗಳ ತೀರಿಸುತ್ತದೆ, ಕಳ್ಳನನ್ನು ಒಪ್ಪಿಸುತ್ತದೆ, ಮುರಿದ ಮದುವೆಯನ್ನು ಕೂಡಿಸುತ್ತದೆ. ಗುಡ್ಡವನ್ನು ಹಸಿರು ಮಾಡುವುದು ಅದಕ್ಕೇನು ದೊಡ್ಡದು ಎಂದುಕೊಂಡ.

"ಭಂಡಾರ ಆಟದ ಸಾಮಾನಲ್ಲ" ಎಂದ ಹುಲ್ಲಪ್ಪ.

"ನೀ ಓಣಿಗೆ ಹಿರಿಯಾ. ನೀ ಮುಟ್ಟಿದ್ರ ಎಲ್ಲಾರೂ ಮುಟ್ಟತಾರ. ನಾ ನಿನಗ ಏನರ ಕೇಳೇನೇನ ಯಪ್ಪಾ, ಇಷ್ಟ ದಿನದಾಗ?"

ಕೇಳಿರಲಿಲ್ಲ, ನಿಜ. ಹುಲ್ಲಪ್ಪನಿಗೆ ಮಗನೆಂದರೆ ಪ್ರಾಣ. ಪೇಟೆಯಲ್ಲಿ ಯಾರಾದರೂ 'ಮಾಸ್ತರ ಅಪ್ಪ' ಎಂದು ಕರೆದರೆ ಹೆಗಲ ಮೇಲಿನ ಕಂಬಳಿಯನ್ನು ಸರಿಮಾಡಿಕೊಳ್ಳುತ್ತಿದ್ದ. ಆ ಹೆಮ್ಮೆಯೇ ಅವನ ಬಾಯಿ ಕಟ್ಟಿತು.

"ಎಷ್ಟ ದಿನದ ಆಣಿ?" ಎಂದು ಮಾತ್ರ ಕೇಳಿದ.

"ಮೊದ್ಲ ಆಣಿ ಆಗಲಿ. ಆಮ್ಯಾಲ ನೋಡೂನು."

ಶ್ರಾವಣದ ಒಂದು ಮುಂಜಾನೆ ಗುಡಿಯ ಮುಂದೆ ಓಣಿಯ ಗಂಡಸರೆಲ್ಲ ಕೂಡಿದರು. ಮುದಕಪ್ಪ ಕಟ್ಟೆಯ ಕೆಳಗೆ ನಿಂತು, ನೋಡಲು ಬಂದಿದ್ದ ಬೇರೆ ಓಣಿಯವರಿಗೆ ಪ್ರವಾಸಿಗಳ ಬಗ್ಗೆ ವಿವರಿಸುತ್ತಿದ್ದ. ಒಳಗೆ ಹುಲ್ಲಪ್ಪ ಭಂಡಾರದಲ್ಲಿ ಕೈಯಿಟ್ಟು, "ಬೀರಪ್ಪನ ಮ್ಯಾಲ ಆಣಿ, ನಮ್ಮ ಕುರಿ ಗುಡ್ಡ ಹತ್ತೂದಿಲ್ಲ" ಎಂದ. ಉಳಿದವರೂ ಒಬ್ಬೊಬ್ಬರಾಗಿ ಮುಟ್ಟಿದರು. ಆಮೇಲೆ ಗುಡ್ಡದ ಬುಡಕ್ಕೆ ಹೋಗಿ, ಕುರಿ ಹತ್ತುವ ದಾರಿಯ ಮೇಲೆ ಹಳದಿ ಪುಡಿ ತೂರಿ ಬಂದರು. ಅಂದಿನಿಂದ ಒಂದು ಮರಿಯೂ ಆ ಗೆರೆ ದಾಟಲಿಲ್ಲ. ಅದನ್ನು ನೋಡಿ ಬೇರೆ ಓಣಿಯವರೂ ಸದ್ಯಕ್ಕೆ ತಮ್ಮ ದನ ತಡೆದರು.

ಗುಡ್ಡ ಹಸಿರಾಯಿತು. ಸುಳ್ಳು ಹೇಳಬಾರದು, ಚೆಂದವೇ ಆಯಿತು. ಕೆಂಪು ಬಂಡೆಗಳ ಸಂದಿಯಿಂದ ಹುಲ್ಲು ಎದ್ದು ಗಾಳಿಗೆ ತೂಗತೊಡಗಿತು, ಕೊಳ್ಳದ ಮಡುವಿನಲ್ಲಿ ನೀರು ತಿಳಿಯಾಯಿತು. ಗಣಪತಿ ಹಬ್ಬ ಕಳೆದ ಮೇಲಿನ ರವಿವಾರ ಪ್ರೊಫೆಸರು ತಮ್ಮ ಹುಡುಗರನ್ನು ಕರೆದುಕೊಂಡು ಬಂದರು. ಮೊದಲ ಊಟದ ಪಾಳಿ ಮಾಸ್ತರ ಮನೆಯದೇ. ರಂಗವ್ವ ಮತ್ತು ರೇಣವ್ವ ನಸುಕಿನಲ್ಲೇ ಒಲೆ ಹೂಡಿ ರೊಟ್ಟಿ ಬಡಿದರು. ಎಣ್ಣೆಗಾಯಿ, ಹೆಸರುಕಾಳ ಪಲ್ಯ, ಶೇಂಗಾ ಹಿಂಡಿ, ಕೆನೆ ಮೊಸರು. ಪೇಟೆಯ ಹುಡುಗರು ಖಾರಕ್ಕೆ ಕಣ್ಣೀರು ಸುರಿಸುತ್ತ ಮತ್ತೆ ಮತ್ತೆ ಹಾಕಿಸಿಕೊಂಡರು. ಹೋಗುವಾಗ ಪ್ರೊಫೆಸರು ರಂಗವ್ವನಿಗೆ ಕೈಮುಗಿದು, "ಚಳಿಗಾಲದಾಗ ದೊಡ್ಡ ತಂಡ ಕರಕೊಂಡು ಬರ್ತೇನ್ರಿ ತಾಯಿ" ಎಂದರು. ಅವಳು ಆ ಮಾತನ್ನು ಬಾವಿಯ ಕಟ್ಟೆಯಲ್ಲಿ ಎಷ್ಟು ಸಲ ಹೇಳಿದಳೆಂದರೆ, ಕೊಡ ಹಿಡಿದು ಬಂದವರು ಅವಳನ್ನು ಕಂಡು ದಾರಿ ಬದಲಿಸತೊಡಗಿದರು.

"ಕೂಸ ಹುಟ್ಟೂ ಮೊದ್ಲ ಕುಲಾವಿ ಹೊಲಿಸಿದ್ರಂತ" ಎಂದಳು ಬೋರವ್ವ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಲ್ಲಪ್ಪ ಅಂದು ಊರಲ್ಲಿರಲಿಲ್ಲ. ಹಿಂಡು ಹೊಡೆದುಕೊಂಡು ಹೊಳೆಯ ಕಡೆ ಎರೆ ಹೊಲಗಳ ಬದುವಿಗೆ ಹೋದವನು ವಾರಕ್ಕೊಮ್ಮೆ ಬುತ್ತಿಗೆ ಮನೆಗೆ ಬರುತ್ತಿದ್ದ. ಬಂದಾಗಲೆಲ್ಲ ಮೈ ತುಂಬ ಕರಿ ಕೆಸರು. ಬಂದಾಗಲೆಲ್ಲ ಒಂದು ಜಗಳ.

"ಇವತ್ತ ಒಬ್ಬ ಹೊಲದವ ಬಡಿಗಿ ತಗೊಂಡ ಬಂದಿದ್ದ" ಎನ್ನುತ್ತಿದ್ದ.

"ಇನ್ನೊಂದ ಬದು ನೋಡಬೇಕಿತ್ತು" ಎನ್ನುತ್ತಿದ್ದ ಮುದಕಪ್ಪ.

"ಇನ್ನೊಂದ ಬದುವಿಗೆ ಇನ್ನೊಬ್ಬ ಇರ್ತಾನ, ಅವಂಗೂ ಬಡಿಗಿ ಇರ್ತೈತಿ."

ಅದಕ್ಕಿಂತ ದೊಡ್ಡ ಕಷ್ಟ ಮಣ್ಣಿನದು. ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಗುಡ್ಡದ ನೀರು ಹಿಡಿಯದ ಮಸಬು ನೆಲದಲ್ಲಿ ಮಳೆ ನಿಂತ ಗಳಿಗೆಗೆ ಕಾಲೂರಬಹುದು. ಎರೆಯಲ್ಲಿ ಕುರಿ ನಿಂತರೆ ಕೆಸರು ಗೊರಸಿನ ಸಂದಿಗೆ ಹೊಕ್ಕು ಅಲ್ಲೇ ಕೂತು ಗೊರಸನ್ನು ಕೊಳೆಸುತ್ತದೆ. ಮೊದಲು ಒಂದೆರಡು ಕುಂಟಿದವು. ಆಮೇಲೆ ಮೊಣಕಾಲೂರಿ ಮೇಯತೊಡಗಿದವು. ಆಮೇಲೆ ಮೇಯುವುದನ್ನೇ ಬಿಟ್ಟವು.

ಮುದಕಪ್ಪನಿಗೆ ಇದು ಗೊತ್ತಿರದ ಸಂಗತಿಯಲ್ಲ. ಅದೇ ವಾರ ಒಂಬತ್ತನೇ ಇಯತ್ತೆಗೆ ಮಣ್ಣಿನ ಪಾಠ ನಡೆದಿತ್ತು. "ಎರೆ ಮಣ್ಣಿನ ಗುಣವೇನು?" ಎಂದು ಕೇಳಿದ. "ನೀರನ್ನು ಬಹಳ ದಿನ ಹಿಡಿದಿಟ್ಟುಕೊಳ್ಳುತ್ತದೆ ಸರ್" ಎಂದು ಇಡೀ ವರ್ಗ ಒಕ್ಕೊರಲಿನಿಂದ ಹೇಳಿತು. ಶಹಬ್ಬಾಸ್ ಎಂದು ಮುಂದಿನ ಪುಟ ತಿರುವಿದ. ಚಳಿಗಾಲದ ತನಕ ಹೇಗಾದರೂ ನೂಕಿದರೆ ಸಾಕು, ಮಂದಿ ಬರುತ್ತಾರೆ, ಆಗ ಅಪ್ಪನಿಗೂ ತಿಳಿಯುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮಂದಿ ಬಂದರು, ಒಮ್ಮೆ. ದಸರೆ ಮುಗಿದ ಮೇಲೆ ಒಂದು ಜೀಪು ತುಂಬ ಬಂದವರು ಕೊಳ್ಳದ ಬಂಡೆಯ ಮೇಲೆ ಕೂತು ಕುಡಿದರು, ಬಾಟಲಿಗಳನ್ನು ಕಲ್ಲಿಗೆ ಅಪ್ಪಳಿಸಿ ಒಡೆದರು. ಅಂದಿನ ಪಾಳಿಯ ತಾಯವ್ವನ ಮನೆಯಲ್ಲಿ ಬಡಿದಿಟ್ಟ ರೊಟ್ಟಿ ನೋಡಿ, "ಮಟನ್ ಇಲ್ಲೇನು?" ಎಂದು ಕೇಳಿ ಉಣ್ಣದೇ ಹೋದರು. ತಾಯವ್ವ ಆ ರೊಟ್ಟಿಯ ಬುಟ್ಟಿಯನ್ನು ಹೊತ್ತು ತಂದು ರಂಗವ್ವನ ಅಂಗಳದಲ್ಲಿ ಇಟ್ಟಳು.

"ನಿನ್ನ ಮಗನ ಬೀಗರು ಉಣಲಿಲ್ಲವಾ. ಅವನ ಉಣ್ಣಲಿ" ಎಂದಳು.

ಆಮೇಲೆ ಯಾರೂ ಬರಲಿಲ್ಲ. ಮಳೆಗೆ ಕುಳಗೇರಿ ಕ್ರಾಸಿನ ಕಡೆಯ ದಾರಿ ಕಿತ್ತುಹೋಗಿತ್ತು. ಪ್ರೊಫೆಸರರಿಗೆ ಮೈಸೂರು ಕಡೆ ಬದಲಿಯಾಯಿತೆಂದು ಮುದಕಪ್ಪನಿಗೆ ಜೊತೆಯ ಮಾಸ್ತರರಿಂದ ತಿಳಿಯಿತು. ಅವನು ಅದನ್ನು ಮನೆಯಲ್ಲಿ ಹೇಳಲಿಲ್ಲ. ಹೇಳದಿದ್ದರೂ ಊರಿಗೆ ಕಣ್ಣಿದ್ದವು. ಹೆಬ್ಬೆಟ್ಟು ಒತ್ತಿದವರು ಒಬ್ಬೊಬ್ಬರಾಗಿ ಗುಡ್ಡಕ್ಕೆ ದನ ಹೊಡೆದರು, ಕುಡಗೋಲು ತಂದು ಹುಲ್ಲು ಕೊಯ್ದು ಹೊರೆ ಕಟ್ಟಿದರು. ಮುದಕಪ್ಪ ಅಡ್ಡ ನಿಂತಾಗ ಕಮಿಟಿಯಲ್ಲಿದ್ದ ದುರಗಪ್ಪ ಹೊರೆ ಇಳಿಸದೆಯೇ ನಕ್ಕ.

"ನಿಮ್ಮ ಮುಂಬೈ ಮಂದಿ ಬಂದ ದಿನ ಹೇಳ್ರಿ ಮಾಸ್ತರ, ಹೊಳ್ಳಿ ಒಯ್ದು ಹಚ್ಚಿ ಬರ್ತೇನಿ."

ಗೆರೆಯ ಈಚೆಗೆ ನಿಂತವರು ಕುರುಬರ ಓಣಿಯವರು ಮಾತ್ರ. ಸೊಂಟದೆತ್ತರ ಹುಲ್ಲು ಕಣ್ಣೆದುರಿಗೇ ಇತ್ತು, ಅವರ ಕುರಿಗಳು ಕೆಳಗೆ ಎಲುಬು ಬಿಟ್ಟುಕೊಂಡು ನಿಂತಿದ್ದವು. ಮಳೆ ಅಳಿಸಿದ ಭಂಡಾರ ಅವರಿಗೆ ಮಾತ್ರ ಕಾಣಿಸುತ್ತಿತ್ತು.

ದೀಪಾವಳಿಗೆ ಹುಲ್ಲಪ್ಪ ಹಿಂಡನ್ನು ಮನೆಗೆ ತಂದ. ಹೋದಾಗ ಓಣಿ ತುಂಬಿ ಹರಿಯುತ್ತಿದ್ದ ಹಿಂಡು ಈಗ ಅಂಗಳದ ದೊಡ್ಡಿಯ ಒಂದು ಮೂಲೆಗೆ ಸಾಕಾಯಿತು. ರಂಗವ್ವ ಬಾಗಿಲಲ್ಲಿ ನಿಂತು ನೋಡಿದಳು. ಸತ್ತ ಕುರಿಗಳ ಲೆಕ್ಕ ಕೇಳುವ ಧೈರ್ಯ ಅವಳಿಗಾಗಲಿಲ್ಲ. ಬುಟ್ಟಿ ತುಂಬ ಬೇವಿನ ತೊಪ್ಪಲು ಕುದಿಸಿ ತಂದು, ಇಬ್ಬರೂ ಕೂತು ಗೊರಸು ತೊಳೆದರು. ಹಬ್ಬದ ಹೋಳಿಗೆ ಒಳಗೆ ಆರುತ್ತಿತ್ತು.

ಊಟಕ್ಕೆ ಕೂತಾಗ ಮುದಕಪ್ಪ ಎದುರು ಕೂತ. "ಯಪ್ಪಾ, ನಾಳೆ ಕುರಿ ಗುಡ್ಡಕ್ಕ ಬಿಡು" ಎಂದ.

ಹುಲ್ಲಪ್ಪ ಹೋಳಿಗೆ ಮುರಿದ.

"ಕಮಿಟಿ ಮುಗೀತು. ನಾನ ಮಾಡಿದ್ದು, ನಾನ ಮುಗಿಸೇನಿ. ಬಿಡು."

"ಕಮಿಟಿ ನಿಂದು. ಭಂಡಾರ ಬೀರಪ್ಪಂದು."

"ಎಲ್ಲಾರ ದನ ಹತ್ಯಾವ."

"ಅವರು ಮುಟ್ಟಿಲ್ಲ."

ರೇಣವ್ವ ಮೆಲ್ಲಗೆ, "ದಂಡ ಕೊಟ್ಟು ಬಿಡಿಸ್ಕೊಳ್ಳಾಕ ಬರೂದಿಲ್ಲೇನ್ರಿ ಮಾವ?" ಎಂದು ಕೇಳಿದಳು.

"ಇಷ್ಟ ದಿನ ಅಂತ ಗಡುವು ಇಟ್ಟ ಆಣಿ ಮಾಡಿದ್ರ ಆ ದಿನಕ್ಕ ಬಿಡ್ತಿತ್ತವಾ" ಎಂದ ಹುಲ್ಲಪ್ಪ. "ನಾವು ಗಡುವು ಇಡಲಿಲ್ಲ."

'ಆಮ್ಯಾಲ ನೋಡೂನು' ಎಂದದ್ದು ತಾನೇ ಎಂಬುದು ಮುದಕಪ್ಪನಿಗೆ ನೆನಪಾಯಿತು. ಬೋರವ್ವ ಮೂಲೆಯಿಂದ ಮಾತಾಡಿದಳು, ಅವಳ ದನಿಯಲ್ಲಿ ಎಂದಿನ ಕುಚೋದ್ಯವಿರಲಿಲ್ಲ. "ನನ್ನ ಗಂಡ ಹೊಲದ ಜಗಳದಾಗ ಭಂಡಾರ ಮುಟ್ಟಿ ಸುಳ್ಳ ಹೇಳಿದ್ದ. ಹೊಲ ಬಂತು. ಈ ಹುಲ್ಲಪ್ಪನ ಮ್ಯಾಲ ಮತ್ತ ಮೂರ ಗಂಡ ಹುಡುಗ್ರು ಇದ್ರು ನನಗ. ಒಂದೊಂದಾಗಿ ಆ ಹೊಲದ ಮಣ್ಣಾಗ ಇಟ್ಟ ಬಂದ್ನಿ. ಇವನೊಬ್ಬ ಉಳದಾನ."

"ಅದು ಪ್ಲೇಗು ಆಯಿ" ಎಂದ ಮುದಕಪ್ಪ.

"ಇರಬೌದಪ್ಪ. ಇಟ್ಟ ಬಂದಾಕಿ ನಾನು."

ರೇಣವ್ವನ ಕೈ ತನ್ನ ಹೊಟ್ಟೆಯ ಮೇಲೆ ಹೋಯಿತು. ಅದನ್ನು ನೋಡಿ ಮುದಕಪ್ಪನಿಗೆ ಸಿಟ್ಟು ಬಂತು. ಓದಿದವನ ಸಿಟ್ಟು ಅದು, ತಾನು ಸರಿ ಎಂದು ಗೊತ್ತಿದ್ದೂ ಯಾರೂ ಒಪ್ಪದಿದ್ದಾಗ ಬರುವಂಥದು.

"ಆತು. ನೀವ ಯಾರೂ ಹೋಗಬ್ಯಾಡ್ರಿ. ಆಣಿ ಮುರೀಬ್ಯಾಡ್ರಿ. ನಾಳೆ ಸಾಲಿ ಸೂಟಿ ಐತಿ, ಕುರಿ ನಾ ಒಯ್ತೇನಿ. ನಾ ಏನ ಭಂಡಾರ ಮುಟ್ಟೇನೇನು?"

ಒಲೆಯಲ್ಲಿ ಕಟ್ಟಿಗೆ ಸರಿಸುತ್ತಿದ್ದ ರಂಗವ್ವ ಕೈ ನಿಲ್ಲಿಸಿದಳು. ಹುಲ್ಲಪ್ಪ ತಲೆ ಎತ್ತಿ ಮಗನ ಮುಖವನ್ನು ನೋಡಿದ.

"ನೀ ಮುಟ್ಟಲಿಲ್ಲ?"

"ಇಲ್ಲ. ನಾ ಹೊರಗ ಮಂದಿ ಜೋಡಿ ಮಾತಾಡಾಕತ್ತಿದ್ನಿ."

"ಮಾತ ಮುಗದ ಮ್ಯಾಲ?"

ಮುದಕಪ್ಪ ಆಗ ಗುಡಿಯೊಳಗೆ ಹೋಗಬಹುದಿತ್ತು, ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂದು ತನ್ನನ್ನು ತಾನು ಕೇಳಿಕೊಂಡಿರಲೂ ಇಲ್ಲ. ಅರಿಶಿಣದ ಪುಡಿಯಲ್ಲಿ ಅವನಿಗೆ ನಂಬಿಕೆಯಿರಲಿಲ್ಲ. ಅದರಲ್ಲಿ ನಂಬಿಕೆಯಿದ್ದ ತನ್ನವರ ಮೇಲೆ ಮಾತ್ರ ಅವನಿಗೆ ಪೂರ್ತಿ ನಂಬಿಕೆಯಿತ್ತು. ಅದನ್ನು ಅಪ್ಪನ ಎದುರು ಹೇಗೆ ಹೇಳುವುದು?

"ನಮಗೆಲ್ಲಾ ಹಗ್ಗಾ ಹಾಕಿ ನೀ ಹೊರಗ ನಿಂತಿ" ಎಂದ ಹುಲ್ಲಪ್ಪ. ದನಿ ಏರಲಿಲ್ಲ. "ನಾ ಅದನ್ನ ನೋಡಲಿಲ್ಲ. ನನ್ನ ಮಗ ಹಿಂದ ನಿಂತಾನ, ಅವನೂ ಮುಟ್ಟತಾನ ಅಂತ ಮುಟ್ಟಿದ್ನಿ."

ಅರ್ಧ ತಿಂದ ಹೋಳಿಗೆ ಬಿಟ್ಟು ಎದ್ದು ಕೈ ತೊಳೆದುಕೊಂಡ. ರಂಗವ್ವ ತಂಬಿಗೆ ಹಿಡಿದು ಹಿಂದೆ ಹೋಗಿ, "ಹುಡುಗ ತಿಳೀಲಾರದ..." ಎಂದು ಶುರುಮಾಡಿದಳು.

"ಅವಂಗ ತಿಳಿದಂಗ ನಮಗೇನ ತಿಳಿತೈತಿ ಅಂದಾಕಿ ನೀನ" ಎಂದ ಅವನು. ಅವಳು ತಂಬಿಗೆಯನ್ನು ಕೆಳಗಿಟ್ಟಳು.

ಮರುದಿನ ಮುದಕಪ್ಪ ಬಡಿಗೆ ಹಿಡಿದು ದೊಡ್ಡಿಯ ಬಾಗಿಲಿಗೆ ಹೋದ. ರೇಣವ್ವ ಅಡ್ಡ ಬಂದು ನಿಂತಳು. ಮದುವೆಯಾದಾಗಿನಿಂದ ಗಂಡನಿಗೆ ಎದುರಾಡಿದವಳಲ್ಲ. "ಕೂಸಿನ ಮ್ಯಾಲ ಬರೂದು ಬ್ಯಾಡ್ರಿ" ಎಂದಳು.

"ನೀನೂ ಸಾಲಿ ಕಲ್ತಾಕಿ, ರೇಣವ್ವಾ."

"ಕಲ್ತೇನ್ರಿ. ಆದ್ರೂ ಬ್ಯಾಡ್ರಿ."

ಅವನು ಬಡಿಗೆಯನ್ನು ಗೋಡೆಗೆ ಆನಿಸಿ ಒಳಗೆ ಬಂದ. ಕುರಿಗಳು ದೊಡ್ಡಿಯಲ್ಲಿ ಒದರುತ್ತಲೇ ಇದ್ದವು.

ಆಮೇಲಿನ ದಿನಗಳಲ್ಲಿ ರಂಗವ್ವ ಮತ್ತು ರೇಣವ್ವ ಮನೆಮನೆಗೆ ತಿರುಗಿ ಹೊಟ್ಟು, ತೊಗರಿ ಸಿಪ್ಪೆ, ಮುಸುರೆ ಬೇಡಿ ತಂದರು. ಗುಡ್ಡದ ಹುಲ್ಲಿನ ಹೊರೆಯೊಂದನ್ನು ಕೊಡುತ್ತೇನೆಂದು ದುರಗಪ್ಪ ತಾನಾಗಿಯೇ ಬಂದ. ಹುಲ್ಲಪ್ಪ ಕೈಮುಗಿದು ಬೇಡವೆಂದ. ಗುಡ್ಡದ್ದು ಗುಡ್ಡದ್ದೇ, ಹತ್ತಿ ಮೇಯ್ದರೂ ಒಂದೇ ಇಳಿಸಿ ಮೇಯಿಸಿದರೂ ಒಂದೇ ಎಂಬುದು ಅವನ ವಾದ. ಮುದಕಪ್ಪ ತನ್ನ ಪಗಾರದಲ್ಲಿ ಕುರಿಗಳಿಗೆ ಹಿಂಡಿಯ ಚೀಲ ತಂದು ಇಳಿಸಿದ. ಹುಲ್ಲಪ್ಪ ಚೀಲದ ಬಾಯಿ ಬಿಚ್ಚಲಿಲ್ಲ. ಆ ಚೀಲಕ್ಕೆ ಇಲಿ ಬಿತ್ತು. ಸಾಯುವುದಿದ್ದ ಕುರಿ ಸತ್ತವು.

ಕಾರ್ತೀಕದ ಕೊನೆಗೆ ಉಳಿದವನ್ನು ಹುಲ್ಲಪ್ಪ ಕೆರೂರ ಸಂತೆಗೆ ಹೊಡೆದ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ರಂಗವ್ವ ಓಣಿಯ ತುದಿಯ ತನಕ ಹಿಂದೆ ಹೋಗಿ, ಒಂದು ಹೆಣ್ಣು ಮರಿಯ ಕೊರಳು ಹಿಡಿದುಕೊಂಡು, "ಇದೊಂದ ಇರಲ್ರಿ" ಎಂದಳು. "ಒಂದ ಕುರಿ ಒದರೂದ ಕೇಳಾಕ ಆಗೂದಿಲ್ಲ ಬಿಡು" ಎಂದು ಅವನು ಅದನ್ನೂ ಬಿಡಿಸಿಕೊಂಡ. ಅವಳು ಅಲ್ಲೇ ನೆಲಕ್ಕೆ ಕೂತು ಅತ್ತಳು. ಗಂಡಸರು ನೋಡುತ್ತಾರೆಂದು ಸೆರಗು ಸಹ ಎಳೆದುಕೊಳ್ಳಲಿಲ್ಲ.

ಸಾಲಿ ಬಿಟ್ಟ ಮೇಲೆ ಮುದಕಪ್ಪನಿಗೆ ಸುದ್ದಿ ಸಿಕ್ಕಿತು. ಸೈಕಲ್ಲನ್ನು ಅಲ್ಲೇ ಬಿಟ್ಟು ಸಂತೆಗೆ ಓಡಿದ. ಕುರಿಗಳು ಆಗಲೇ ಲಾರಿ ಏರಿದ್ದವು. ವ್ಯಾಪಾರಿ ಯಾಕೂಬಸಾಬ ಹಗ್ಗ ಬಿಗಿಯುತ್ತಿದ್ದ. ಹುಲ್ಲಪ್ಪನ ಜೊತೆ ಮೊದಲಿನಿಂದಲೂ ವ್ಯವಹಾರ ಮಾಡಿದವನು. ಅಂದು ಅವನಿಗೂ ಚೌಕಾಸಿ ಮಾಡುವ ಮನಸ್ಸಾಗಿರಲಿಲ್ಲ.

"ಹುಲ್ಲಪ್ಪ, ನಿನ್ನ ಮಗ ಬಂದಾನ ನೋಡು" ಎಂದ.

ಹುಲ್ಲಪ್ಪ ತಿರುಗಿ ನೋಡಿ, ಹೆಗಲ ಮೇಲಿನ ಕಂಬಳಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಸಾಲಿ ಬಿಡ್ತೇನ್ರಿ ಮಾಸ್ತರ?" ಎಂದು ಕೇಳಿದ.

ನಾಲ್ಕು ಜನರೆದುರು ತನಗೆ ಮರ್ಯಾದೆ ಕೊಟ್ಟನೆಂದೇ ಮುದಕಪ್ಪ ತಿಳಿದ. ಇಬ್ಬರೂ ಊರಿಗೆ ನಡೆದುಕೊಂಡೇ ಬಂದರು. ದಾರಿಯುದ್ದಕ್ಕೂ ಹುಲ್ಲಪ್ಪ ಒಂದು ಮಾರು ಹಿಂದೆಯೇ ನಡೆದ. ಮಗ ನಿಂತರೆ ಅವನೂ ನಿಂತ.

ಮನೆಯಲ್ಲಿ ರೇಣವ್ವ ಇಬ್ಬರಿಗೂ ತಾಟು ಇಟ್ಟಳು. ರೊಟ್ಟಿ, ಬೇಳೆ, ಒಂದು ಚೂರು ಬೆಲ್ಲ. ಹುಲ್ಲಪ್ಪ ತನ್ನ ತಾಟನ್ನು ಎತ್ತಿಕೊಂಡು ಬಾಗಿಲ ಬಳಿ ತಾಯಿಯ ಪಕ್ಕಕ್ಕೆ ಸರಿದು ಕೂತ.

"ಯಪ್ಪಾ, ಇಲ್ಲಿ ಬಾ" ಎಂದ ಮುದಕಪ್ಪ.

"ನೀವು ಉಣ್ರಿ ಮಾಸ್ತರ. ದಣದ ಬಂದೀರಿ."

ರೇಣವ್ವನ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಬೋರವ್ವ ಕಣ್ಣು ಮುಚ್ಚಿಕೊಂಡಳು. ಹೆತ್ತ ಮಗನಿಗೆ ಯಾವ ತಂದೆಯೂ ಹಾಗೆ ಮಾತಾಡಿದ್ದನ್ನು ಆ ಓಣಿ ಕೇಳಿರಲಿಲ್ಲ. ಸಾಹುಕಾರರಿಗೆ, ಸರ್ಕಾರದವರಿಗೆ, ಕೊಳ್ಳ ನೋಡಲು ಬಂದ ಪರ ಊರಿನವರಿಗೆ ಆಡುವ ಮಾತು ಅದು.

ಮುದಕಪ್ಪ ತಾಟು ಸರಿಸಿ ಅಪ್ಪನ ಮುಂದೆ ಬಂದು ಕುಕ್ಕರಗಾಲಲ್ಲಿ ಕೂತ. ಕಣ್ಣಲ್ಲಿ ನೀರಿತ್ತು. "ಬೈ ನನಗ. ಹೊಡಿಬೇಕಾದ್ರ ಹೊಡಿ. ಹಿಂಗ ಮಾತಾಡಬ್ಯಾಡ."

"ನಿಮಗ ಬೈಯಾಕ ನಾ ಯಾರ್ರಿ?" ಎಂದ ಹುಲ್ಲಪ್ಪ. ಸಿಟ್ಟಿನಿಂದ ಹೇಳಲಿಲ್ಲ, ಹಂಗಿಸಲೂ ಇಲ್ಲ. ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ತಾಯಿಯ ಕೈಗೆ ಕೊಟ್ಟ.

ಚೈತ್ರದಲ್ಲಿ ರೇಣವ್ವ ಗಂಡು ಹಡೆದಳು. ಕೂಸು ಗಟ್ಟಿಮುಟ್ಟಾಗಿತ್ತು. ಹುಲ್ಲಪ್ಪ ಅದನ್ನು ತೊಡೆಯ ಮೇಲೆ ಹಾಕಿಕೊಂಡು ದಿನವಿಡೀ 'ಏನಲೇ, ಬಾರಲೇ' ಎಂದು ಆಡಿಸುತ್ತಿದ್ದ. ಸಾಲಿಯಿಂದ ಮುದಕಪ್ಪ ಒಳಗೆ ಬಂದ ಕೂಡಲೇ ಕೂಸನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ. "ಬರ್ರಿ ಮಾಸ್ತರ" ಎಂದು ದಾರಿ ಬಿಟ್ಟು ಹೊರಗೆ ಹೋಗುತ್ತಿದ್ದ.